ಕಂಪ್ಯೂಟರ್ ಹುಡುಕಿ ಹೊರಟ ಪಾದ್ರಿ: 50 ವರ್ಷ ಕಳೆದರೂ ಈ ಕಾದಂಬರಿ ಯಾಕೆ ಹಳತಾಗಿಲ್ಲ?

ಪಿಯುಸಿ ಪರೀಕ್ಷೆ ಮುಗಿಸಿ ಅಕ್ಕನ ಮಗ ಮಂಡ್ಯದಿಂದ ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದ. ಬಂದವನು ಎರಡು ದಿನ ಒಂದೇ ಗೇಮ್ ಆಡಿದ. ಪಕ್ಕದಲ್ಲಿ ಕೂತು ನಾನೂ ನೋಡಿದೆ. ಅದರಲ್ಲಿ ಪ್ರಪಂಚ ಹಾಳಾಗಿ ಹೋಗಿದೆ. ಮುರಿದ ಸೇತುವೆ, ಬಳ್ಳಿ ಹಬ್ಬಿದ ಕಟ್ಟಡ, ವಿಚಿತ್ರ ಪ್ರಾಣಿಗಳು. ನಡುವೆ ಒಬ್ಬ ಏನನ್ನೋ ಹುಡುಕಿಕೊಂಡು ಹೋಗುತ್ತಿದ್ದಾನೆ. ಮೂರನೇ ದಿನ ಅವನೇ ಕೇಳಿದ: "ಮಾವ, ಸಿನಿಮಾ ನೋಡಿದ್ರೂ ಇದೇ, ಗೇಮ್ ಆಡಿದ್ರೂ ಇದೇ. ಎಲ್ಲ ಹಾಳಾದ್ಮೇಲೆ ಒಬ್ಬ ಹೊರಡ್ತಾನೆ. ಇದೆಲ್ಲ ಎಲ್ಲಿಂದ ಶುರುವಾಯ್ತು?"

ಇದಕ್ಕೆ ಒಂದೇ ಬೇರು ಅಂತ ಹೇಳೋಕಾಗಲ್ಲ. ಆದರೆ ಇಂಥ ಕಥೆಗಳಿಗೆ ದಾರಿ ಮಾಡಿಕೊಟ್ಟ ಪುಸ್ತಕಗಳಲ್ಲಿ ಒಂದು ನನಗೆ ತುಂಬಾ ಪ್ರೀತಿಯದು. ಅಮೆರಿಕದ ಲೇಖಕ ಸ್ಟರ್ಲಿಂಗ್ ಲೇನಿಯರ್ 1973ರಲ್ಲಿ ಬರೆದ ‘ಹಿಯರೋಸ್ ಜರ್ನಿ’, ಅಂದರೆ ಹಿಯರೋನ ಪಯಣ. ಅದನ್ನೇ ಅವನ ಕೈಗೆ ಕೊಟ್ಟೆ. ಕೊಡುವಾಗ ಹೇಳಿದ್ದನ್ನೆಲ್ಲ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ದೀಪವಿಲ್ಲದ ಊರು

ಪ್ರಳಯದ ಕಥೆ ಬೇರೆ, ಪ್ರಳಯ ಆದ ಮೇಲಿನ ಕಥೆ ಬೇರೆ. ಮೊದಲನೆಯದರಲ್ಲಿ ಪ್ರಪಂಚ ಮುಳುಗುವುದನ್ನು ನೋಡುತ್ತೇವೆ. ಎರಡನೆಯದರಲ್ಲಿ ಮುಳುಗಿ ಎಷ್ಟೋ ಕಾಲವಾಗಿದೆ, ಉಳಿದವರು ಬದುಕು ಕಟ್ಟಿಕೊಂಡಿದ್ದಾರೆ. ಇದಕ್ಕೆ ಪ್ರಳಯೋತ್ತರ ಕಥೆ ಅನ್ನಬಹುದು. ನಮಗೂ ಇದು ತೀರಾ ಅಪರಿಚಿತವಲ್ಲ. ಮತ್ಸ್ಯಾವತಾರದ ಮನು ದೋಣಿಯಲ್ಲಿ ಬೀಜಗಳನ್ನು ಇಟ್ಟುಕೊಂಡು ಪ್ರಳಯ ದಾಟುತ್ತಾನಲ್ಲ, ಅವನು ದಡ ಸೇರಿದ ಮೇಲೆ ಶುರುವಾಗುವುದು ಇಂಥದ್ದೇ ಕಥೆ.

ಇಂಥ ಕಥೆ ಯಾಕೆ ಸೆಳೆಯುತ್ತದೆ ಅಂತ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ. ನಾಗಮಂಗಲದ ಕಡೆ ಒಬ್ಬ ಗೆಳೆಯನ ಜಮೀನಿಗೆ ಹೋಗಿದ್ದೆ. ಅವನ ಪಹಣಿಯಲ್ಲಿದ್ದ ಊರಿನ ಹೆಸರು ಬೇರೆ, ಅವನಿರುವ ಊರಿನ ಹೆಸರು ಬೇರೆ. ಕೇಳಿದರೆ, "ಅದು ಬೇಚರಾಕ್ ಗ್ರಾಮ" ಅಂದ. ಕಂದಾಯ ದಾಖಲೆಯಲ್ಲಿ ಊರಿದೆ, ನೆಲದ ಮೇಲೆ ಒಂದು ಮನೆಯೂ ಇಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇಂಥ ಊರುಗಳಿವೆ. ಬರವೋ, ಪ್ಲೇಗೋ, ಇನ್ನೇನೋ ಬಂದು ಜನ ಬಿಟ್ಟು ಹೋದ ಊರುಗಳು. ಬೇಚರಾಕ್ ಅನ್ನುವುದು ಪಾರ್ಸಿಯ ‘ಬೇ ಚಿರಾಗ್’ನಿಂದ ಬಂದ ಪದ. ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು.

ಗೆಳೆಯ ಕರೆದುಕೊಂಡು ಹೋಗಿ ತೋರಿಸಿದ. ಒಂದು ದೊಡ್ಡ ಹುಣಸೆ ಮರ. ಅದರ ಬುಡದಲ್ಲಿ ಅರ್ಧ ಹೂತ ಒರಳುಕಲ್ಲು, ಕುಳಿಯಲ್ಲಿ ಮಳೆ ನೀರು ನಿಂತಿತ್ತು. ಒಳಗೆ ಬೆರಳಾಡಿಸಿದರೆ ಕಲ್ಲು ಕನ್ನಡಿಯಷ್ಟು ನುಣುಪು. ಎಷ್ಟು ವರ್ಷ, ಎಷ್ಟು ಜನ ಹೆಂಗಸರು ಅಲ್ಲಿ ರುಬ್ಬಿರಬೇಕು! ಅವರ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಕಲ್ಲಿನ ನುಣುಪು ಮಾತ್ರ ಕೈಗೆ ಸಿಗುತ್ತದೆ.

ಲೇನಿಯರ್ ಅವರ ಕಾದಂಬರಿ ಈ ಅನುಭವವನ್ನು ತಿರುವಿ ಹಾಕುತ್ತದೆ. ಒರಳುಕಲ್ಲು ಮುಟ್ಟಿದಾಗ ನಾವು ಆಮೇಲೆ ಬಂದವರು. ಕಾದಂಬರಿ ಓದುವಾಗ ನಾವು ಬಿಟ್ಟು ಹೋದವರು. ಅಲ್ಲಿ ಪಾಳು ಬಿದ್ದಿರುವುದು ನಮ್ಮ ಊರು, ನಮ್ಮ ರಸ್ತೆ, ನಮ್ಮ ಯಂತ್ರ. ಯಾರೋ ಬಂದು ಅದನ್ನು ಮುಟ್ಟಿ ನೋಡುತ್ತಿದ್ದಾನೆ.

ಕಥೆ ಏನು?

ಅಣುಯುದ್ಧದಲ್ಲಿ ಹಳೆಯ ನಾಗರಿಕತೆ ಸುಟ್ಟು ಹೋಗಿ ಸುಮಾರು 5,000 ವರ್ಷ ಕಳೆದಿದೆ. ಆ ನಾಶವನ್ನು ಕಾದಂಬರಿಯ ಜನ ಸುಮ್ನೆ ‘ಸಾವು’ ಅಂತ ಕರೆಯುತ್ತಾರೆ. ಇವತ್ತಿನ ಕೆನಡಾ ಇರುವ ಜಾಗ ದಟ್ಟ ಕಾಡು. ಅಲ್ಲಲ್ಲಿ ಚಿಕ್ಕ ನಾಡುಗಳಿವೆ, ಜ್ಞಾನವನ್ನು ಕಾಪಾಡುವ ಮಠಗಳಿವೆ. ಅಂಥ ಒಂದು ಮಠದವನು ನಮ್ಮ ನಾಯಕ ಹಿಯರೋ ಡೆಸ್ಟೀನ್. ಅವನು ಪಾದ್ರಿ, ಕಾಡಿನ ದಾರಿ ಬಲ್ಲವನು, ಹೋರಾಟಗಾರನೂ ಹೌದು. ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ಶಕ್ತಿ ಅವನಿಗಿದೆ.

ಮಠಕ್ಕೆ ಶತ್ರುಗಳಿದ್ದಾರೆ. ಅವರ ಹೆಸರು ‘ಅನ್‌ಕ್ಲೀನ್’. ಈ ಪದವನ್ನು ಕನ್ನಡಕ್ಕೆ ತರಲು ನನಗೆ ಮನಸ್ಸಿಲ್ಲ. ಮನುಷ್ಯರನ್ನು ಹಾಗೆ ಕರೆದ ನೋವಿನ ಚರಿತ್ರೆ ನಮ್ಮಲ್ಲಿದೆ. ಕಾದಂಬರಿಯಲ್ಲಿ ಅದಕ್ಕೆ ಹುಟ್ಟಿಗೆ ಸಂಬಂಧಪಟ್ಟ ಅರ್ಥವಿಲ್ಲ. ಹಳೆಯ ವಿಜ್ಞಾನವನ್ನು ಅಧಿಕಾರಕ್ಕಾಗಿ ಬಳಸಿ, ಎಲ್ಲರನ್ನೂ ಅಡಿಯಾಳು ಮಾಡಿಕೊಳ್ಳಲು ಹೊರಟ ಗುಂಪು ಅದು.

ಈ ಶತ್ರುಗಳ ಎದುರು ಮಠ ಸೋಲುತ್ತಿದೆ. ಹಳೆಯ ದಾಖಲೆಗಳಲ್ಲಿ ಮಠದ ಹಿರಿಯರಿಗೆ ಒಂದು ಸುಳಿವು ಸಿಗುತ್ತದೆ. ಹಿಂದಿನವರ ಹತ್ತಿರ ಒಂದು ಸಾಧನ ಇತ್ತಂತೆ. ಲೆಕ್ಕವಿಲ್ಲದಷ್ಟು ಮಾಹಿತಿಯನ್ನು ಒಂದೇ ಕಡೆ ಇಟ್ಟು, ಕೇಳಿದ್ದನ್ನು ತಕ್ಷಣ ಹೇಳುತ್ತಿತ್ತಂತೆ. ಅದರ ಹೆಸರು ಕಂಪ್ಯೂಟರ್. ದಕ್ಷಿಣದ ಪಾಳು ನಗರಗಳಲ್ಲಿ ಇನ್ನೂ ಒಂದಾದರೂ ಉಳಿದಿರಬಹುದೇನೋ, ಹುಡುಕಿ ತಾ ಅಂತ ಹಿಯರೋನನ್ನು ಕಳಿಸುತ್ತಾರೆ.

ಅವನ ವಾಹನ ಕ್ಲೂಟ್ಸ್. ಕೆನಡಾದ ಕಾಡಲ್ಲಿ ಮೂಸ್ ಅಂತ ಜಿಂಕೆ ಜಾತಿಯ ದೊಡ್ಡ ಪ್ರಾಣಿ ಇದೆ, ನಮ್ಮ ಕಡವೆ ಅದರ ಮುಂದೆ ಚಿಕ್ಕದು. ಅದೇ ವಂಶದಿಂದ ಸವಾರಿಗೆಂದು ಬೆಳೆಸಿದ ತಳಿ ಇದು. ನಮ್ಮ ಕಡೆಯ ರೈತನಿಗೆ ಹಳ್ಳಿಕಾರ್ ಎತ್ತು ಹೇಗೋ ಹಿಯರೋಗೆ ಕ್ಲೂಟ್ಸ್ ಹಾಗೆ. ಸಿಟ್ಟು, ಹಟ, ಅಕ್ಕರೆ ಎಲ್ಲ ಇದೆ. ದಾರಿಯಲ್ಲಿ ಗಾರ್ಮ್ ಅನ್ನುವ ಎಳೆಯ ಕರಡಿ ಜೊತೆಯಾಗುತ್ತದೆ. ಅದೂ ಮನಸ್ಸಿನಿಂದಲೇ ಮಾತಾಡುತ್ತದೆ. ಆಮೇಲೆ ಲುಚಾರೆ ಅನ್ನುವ ರಾಜಕುಮಾರಿ, ತಾನಾಗಿಯೇ ಅರಮನೆ ಬಿಟ್ಟು ಬಂದವಳು. ಇನ್ನೂ ಮುಂದೆ ಬ್ರದರ್ ಆಲ್ಡೋ ಅನ್ನುವ ವಯಸ್ಸಾದ ಸನ್ಯಾಸಿ. ಕಥೆಯ ಕೊನೆಯನ್ನು ನಾನು ಇಲ್ಲಿ ಹೇಳುವುದಿಲ್ಲ.

ಹಲಗೂರಿಗೆ ಹೋದ ಸಿದ್ದಪ್ಪಾಜಿ

ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ವೆಸ್ಟ್’ ಅನ್ನುತ್ತಾರೆ. ಸರಳವಾಗಿ ಹೇಳಿದರೆ, ಒಂದು ವಸ್ತುವನ್ನು ಅರಸಿ ಹೊರಡುವ ಕಥೆ. ಕಳಿಸುವವರು ಒಬ್ಬರು, ಹೋಗುವವನು ಒಬ್ಬ, ದಾರಿಯಲ್ಲಿ ಪರೀಕ್ಷೆಗಳು, ಸಿಗುವ ಗೆಳೆಯರು.

ಮಳವಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿಗೆ ಹೋಗುವುದಿಲ್ಲವೇ? ಗುರು ಮಂಟೇಸ್ವಾಮಿ ಶಿಷ್ಯನನ್ನು ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ಹಲಗೂರಿನ ಪಾಂಚಾಳರು ಕಬ್ಬಿಣವೇ ಇಲ್ಲ ಅನ್ನುತ್ತಾರೆ. ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಈ ಕಥೆ ಹಾಡುವಾಗ ಕೇಳುವವರಿಗೆ ಕೊನೆ ಗೊತ್ತೇ ಇರುತ್ತದೆ. ಆದರೂ ಯಾರೂ ಏಳುವುದಿಲ್ಲ. ಕಬ್ಬಿಣ ಸಿಗುತ್ತದೋ ಇಲ್ಲವೋ ಅನ್ನುವ ಕುತೂಹಲಕ್ಕೆ ಅವರು ಕೂತಿಲ್ಲ. ಮುಂದಿನ ಪರೀಕ್ಷೆಯನ್ನು ಅವನು ಹೇಗೆ ದಾಟುತ್ತಾನೆ, ದಾಟುವಾಗ ಏನಾಗುತ್ತಾನೆ, ಅದನ್ನು ಕೇಳಬೇಕು.

ಹಿಯರೋನ ಕಥೆ ಕಟ್ಟಿರುವುದೂ ಹೀಗೆಯೇ. ಪ್ರತಿ ಅಪಾಯ ದಾಟಿದಾಗಲೂ ಅವನ ಮನಸ್ಸಿನ ಶಕ್ತಿ ಒಂದು ಮೆಟ್ಟಿಲು ಏರುತ್ತದೆ. ಜೊತೆಗೆ ಭಯವೂ ಏರುತ್ತದೆ, ಯಾಕಂದರೆ ಅದೇ ಶಕ್ತಿ ಶತ್ರುಗಳ ಹತ್ತಿರವೂ ಇದೆ. ಹೊರಡುವ ಮುನ್ನ, ದಾರಿ ಕವಲೊಡೆದಾಗ ಅವನು ಒಂದು ಚೀಲದಿಂದ ಕೆತ್ತಿದ ಪುಟ್ಟ ಸಂಕೇತಗಳನ್ನು ತೆಗೆದು ಮುಂದೇನು ಅಂತ ನೋಡುತ್ತಾನೆ. ಒಟ್ಟು 40 ಸಂಕೇತಗಳು. ಕವಡೆ ಹಾಕಿ ಕೇಳುವುದನ್ನು ನೋಡಿ ಬೆಳೆದ ನಮಗೆ ಇದು ತಕ್ಷಣ ಮನಸ್ಸಿಗೆ ಹತ್ತುತ್ತದೆ.

ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ

ಈ ಪುಸ್ತಕ ಇಷ್ಟು ವರ್ಷ ಉಳಿದಿರುವುದರ ಗುಟ್ಟು ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಕಾದಂಬರಿ ಶುರುವಾಗುವಾಗ ಹಿಯರೋ ಕ್ಲೂಟ್ಸ್ ಮೇಲೆ ಕೂತು ತನ್ನ ಕೆಲಸದ ಬಗ್ಗೆ ಯೋಚಿಸುತ್ತಿದ್ದಾನೆ. ಕಂಪ್ಯೂಟರ್ ಮನುಷ್ಯ ಅನ್ನುವ ಬಿರುದು ಕೇಳಲು ಗತ್ತಾಗಿದೆ, ಅದರ ಅರ್ಥ ಮಾತ್ರ ಇನ್ನೂ ಗೊತ್ತಿಲ್ಲ. ಈಗ ನಮ್ಮ ಸ್ಥಿತಿ ನೋಡಿ. ನಮ್ಮ ಜೇಬಿನಲ್ಲೇ ಒಂದು ಕಂಪ್ಯೂಟರ್ ಇದೆ. ಅವನು ಜೀವ ಒತ್ತೆ ಇಟ್ಟು ಹುಡುಕುತ್ತಿರುವುದು ನಮಗೆ ಬೇಜಾರಾದಾಗ ತೆಗೆದು ನೋಡುವ ವಸ್ತು! ಓದುಗನಿಗೆ ಗೊತ್ತಿರುವುದು ನಾಯಕನಿಗೆ ಗೊತ್ತಿಲ್ಲ. ಕೂಗಿ ಹೇಳೋಣ ಅನಿಸುತ್ತದೆ, ಆದರೆ ಹೇಳೋಕಾಗಲ್ಲ.

1973ರಲ್ಲಿ ಕಂಪ್ಯೂಟರ್ ಅಂದರೆ ದೊಡ್ಡ ಸಂಸ್ಥೆಗಳಲ್ಲಿ ಕೋಣೆ ತುಂಬ ಕೂತಿರುತ್ತಿದ್ದ ಯಂತ್ರ. ಆಗ ಓದಿದವರಿಗೂ ಅದು ಅರ್ಧ ಅಪರಿಚಿತ. ಈಗ ಓದುವವರಿಗೆ ಅದು ಮನೆಯ ಮಗ. ಹಾಗಾಗಿ ಪುಸ್ತಕದ ಈ ಭಾಗ ವರ್ಷ ಕಳೆದಂತೆ ಇನ್ನೂ ಚುರುಕಾಗಿದೆ.

ಊರುಗಳ ಹೆಸರಿನಲ್ಲೂ ಇದೇ ಆಟ. ಕಾಂಡಾ ಅಂತ ಒಂದು ನಾಡು ಬರುತ್ತದೆ, ಅದು ಕೆನಡಾ. ಆಟ್ವಾ ಅಂದರೆ ಆಟವಾ. ಡಾಲ್ವಾ ಅಂದರೆ ಡೆಲಾವೇರ್. ‘ಒಳಸಮುದ್ರ’ ಅಂತ ಹೆದರಿ ಹೆದರಿ ದಾಟುವ ನೀರು, ಇವತ್ತಿನ ಅಮೆರಿಕ ಮತ್ತು ಕೆನಡಾ ನಡುವಿನ ಮಹಾ ಸರೋವರಗಳು. ಲೇಖಕರು ಕಥೆಯ ನಡುವೆ ನಿಲ್ಲಿಸಿ ಇದನ್ನು ವಿವರಿಸುವುದು ಕಮ್ಮಿ. ಬಾಯಿಂದ ಬಾಯಿಗೆ ಹೋಗಿ ಸವೆದ ಹೆಸರನ್ನು ನಾವೇ ಗುರುತು ಹಿಡಿಯಬೇಕು.

ಸಾವಿರಾರು ವರ್ಷ ಬೇಡ, ಇನ್ನೂರು ವರ್ಷಕ್ಕೇ ಹೆಸರು ಏನಾಗುತ್ತದೆ ಅಂತ ನಮಗೆ ಗೊತ್ತು. ಮಹಿಷೂರು ಮೈಸೂರಾಯಿತು, ಇಂಗ್ಲಿಷರ ಬಾಯಲ್ಲಿ ಮೈಸೋರ್ ಆಯಿತು. ಶ್ರೀರಂಗಪಟ್ಟಣ ಅವರ ಕಾಗದಗಳಲ್ಲಿ ಸೆರಿಂಗಪಟಂ ಆಯಿತು. ಪಾಂಡವಪುರಕ್ಕೆ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ. ಇವತ್ತು ಆ ಬೆಟ್ಟದ ಕೆಳಗೆ ಕಬ್ಬು ಕಡಿಯುವ ಹುಡುಗನಿಗೆ ಫ್ರೆಂಚರು ಯಾಕೆ ಬಂದಿದ್ದರು ಅಂತ ಕೇಳಿ ನೋಡಿ.

ಕಳೆದು ಹೋದ ಜ್ಞಾನ ನಿಜವಾಗಿಯೂ ಒಂದು ದಿನ ಕೈಗೆ ಸಿಗಬಹುದೇ? ಮೈಸೂರಿನಲ್ಲೇ ಸಿಕ್ಕಿದೆಯಲ್ಲ! ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಬೇರೆ ಗ್ರಂಥಗಳಲ್ಲಿ ಓದಿ ವಿದ್ವಾಂಸರು ಬಲ್ಲವರಾಗಿದ್ದರು. ಪುಸ್ತಕ ಮಾತ್ರ ಕಳೆದು ಹೋಗಿದೆ ಅಂತ ತಿಳಿದಿದ್ದರು. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ‘ಗ್ರಂಥ’ ಅನ್ನುವ ಹಳೆಯ ಲಿಪಿಯ ಒಂದು ಓಲೆಗರಿ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಗುರುತು ಹಿಡಿದರು. 1909ರಲ್ಲಿ ಅಚ್ಚು ಹಾಕಿಸಿದರು. ಇವತ್ತು ಪ್ರಾಚ್ಯವಿದ್ಯಾ ಸಂಶೋಧನಾಲಯ ಅಂತ ಕರೆಯುವ ಆ ಸಂಸ್ಥೆಯ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಹಿಯರೋನ ಮಠ ನೆನಪಾಗುತ್ತದೆ. ಗರಿಗಳು ಸಿಕ್ಕರೆ ಸಾಲದು. ಇದು ಏನು ಅಂತ ಗುರುತಿಸುವ ಕಣ್ಣೂ ಅಲ್ಲಿರಬೇಕು.

ಬರೆದ ಕಾಲ ಎಂಥದ್ದು?

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿತ್ತು. ಇಡೀ ಪ್ರಪಂಚವನ್ನು ಮನುಷ್ಯನೇ ಮುಗಿಸಬಹುದು ಅನ್ನುವುದು ಆಮೇಲೆ ಬರೀ ಕಲ್ಪನೆಯಾಗಿ ಉಳಿಯಲಿಲ್ಲ. 1947ರಲ್ಲಿ ಅಮೆರಿಕದ ಅಣು ವಿಜ್ಞಾನಿಗಳ ಪತ್ರಿಕೆಯೊಂದು ‘ಡೂಮ್ಸ್‌ಡೇ ಕ್ಲಾಕ್’ ಅಂತ ಒಂದು ಸಂಕೇತದ ಗಡಿಯಾರ ಶುರು ಮಾಡಿತು. ಮಧ್ಯರಾತ್ರಿ ಅಂದರೆ ಸರ್ವನಾಶ. ಆಗ ಮುಳ್ಳು ಮಧ್ಯರಾತ್ರಿಗೆ 7 ನಿಮಿಷ ದೂರದಲ್ಲಿತ್ತು. 2025ರ ಜನವರಿಯಲ್ಲಿ ಅದನ್ನು 89 ಸೆಕೆಂಡಿಗೆ ತಂದಿಟ್ಟರು.

1962ರಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಯುದ್ಧದ ಅಂಚಿಗೆ ಬಂದಿದ್ದವು. ಅದೇ ವರ್ಷ ರೇಚಲ್ ಕಾರ್ಸನ್ ಅವರು ಕೀಟನಾಶಕಗಳಿಂದ ಹಕ್ಕಿಗಳು ಸಾಯುತ್ತಿರುವ ಬಗ್ಗೆ ಬರೆದ ಪುಸ್ತಕ ಬಂತು. 1970ರ ಏಪ್ರಿಲ್ 22ರಂದು ಮೊದಲ ಭೂ ದಿನ. ಹೀಗೆ ಬಾಂಬಿನ ಭಯ, ನೆಲ ಹಾಳಾಗುವ ಭಯ ಎರಡೂ ಒಟ್ಟಿಗೆ ಬೆಳೆದ ಕಾಲದಲ್ಲಿ ಲೇನಿಯರ್ ಬರೆದರು. ಬ್ರದರ್ ಆಲ್ಡೋ ಸೇರಿದ ಪಂಥವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಕ್ರೈಸ್ತರಿಗೆ ದೇವರು ಕೊಟ್ಟ ಕಟ್ಟಳೆಗಳು ಹತ್ತು. ಆಲ್ಡೋನ ಜನ ಅದಕ್ಕೆ ಹನ್ನೊಂದನೆಯದನ್ನು ಸೇರಿಸಿಕೊಂಡಿದ್ದಾರೆ: ಭೂಮಿಯನ್ನೂ ಅದರ ಮೇಲಿನ ಜೀವಗಳನ್ನೂ ಹಾಳು ಮಾಡಬಾರದು.

ಇನ್ನೊಂದು ವಿಷಯವನ್ನು ನಾನು ತುಂಬಾ ಮೆಚ್ಚುತ್ತೇನೆ. ಆ ಕಾಲದ ಅಮೆರಿಕದ ಸಾಹಸ ಕಥೆಗಳಲ್ಲಿ ನಾಯಕ ಬಹುಪಾಲು ಬಿಳಿಯನೇ. ಹಿಯರೋ ಮಾತ್ರ ಮೆಟಿಸ್ ವಂಶದವನು. ಕೆನಡಾದ ಮೂಲನಿವಾಸಿಗಳು ಮತ್ತು ಯುರೋಪಿಯನ್ನರು ಬೆರೆತು ಹುಟ್ಟಿದ ಜನ ಮೆಟಿಸರು. ಲುಚಾರೆ ಕಪ್ಪು ಮೈಬಣ್ಣದವಳು. ನಾಶದ ನಂತರ ಉಳಿದು ಊರು ಕಟ್ಟಿದವರು ಯಾರು ಅಂತ ಲೇಖಕರು ಹೀಗೆ ಹೇಳಿದ್ದಾರೆ.

ದೈತ್ಯ ಪ್ರಾಣಿಗಳು ನಿಜವೇ?

ಅಲ್ಲ. ಇದನ್ನು ಸ್ಪಷ್ಟವಾಗಿ ತಿಳಿದುಕೊಂಡರೆ ಒಳ್ಳೆಯದು. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಡಿಎನ್ಎ ಅನ್ನುವ ಬರಹ ಇದೆ. ಜೀವಕೋಶ ಎರಡಾಗುವಾಗ ಆ ಬರಹದ ನಕಲು ಆಗುತ್ತದೆ. ಓಲೆಗರಿ ನಕಲು ಮಾಡುವಾಗ ಲಿಪಿಕಾರ ಒಂದಕ್ಷರ ತಪ್ಪಿದರೆ, ಮುಂದಿನವರು ಆ ತಪ್ಪನ್ನೇ ಬರೆದುಕೊಂಡು ಹೋಗುತ್ತಾರಲ್ಲ, ಹಾಗೆ ಇಲ್ಲೂ ತಪ್ಪು ಉಳಿಯಬಹುದು. ಅದೇ ಮ್ಯುಟೇಶನ್. ವಿಕಿರಣ ಇಂಥ ತಪ್ಪುಗಳನ್ನು ಜಾಸ್ತಿ ಮಾಡುತ್ತದೆ. ಅಕ್ಷರ ತಪ್ಪಿದ ಪದ್ಯ ಆಕಸ್ಮಿಕವಾಗಿ ಚೆನ್ನಾಗಿ ಬರುವುದು ಅಪರೂಪ, ಕೆಡುವುದೇ ಹೆಚ್ಚು. ಜೀವಿಗಳಲ್ಲೂ ಹೆಚ್ಚಿನ ತಪ್ಪುಗಳಿಂದ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಕಾಯಿಲೆ, ಸಾವು. ಮಾತಾಡುವ ಕರಡಿ ಹುಟ್ಟುವುದಿಲ್ಲ.

1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರ ಸಿಡಿದ ಮೇಲೆ ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಿದರು. ಅಲ್ಲಿ ದೈತ್ಯ ಪ್ರಾಣಿಗಳೇನೂ ಹುಟ್ಟಲಿಲ್ಲ. ಮನುಷ್ಯರು ಬಿಟ್ಟು ಹೋದ ಜಾಗಕ್ಕೆ ತೋಳ, ಮೂಸ್, ಕಾಡುಹಂದಿ ಬಂದು ಸೇರಿಕೊಂಡವು, ಅಷ್ಟೇ. ಹಾಗಾಗಿ ಹಿಯರೋನ ಕಾಡನ್ನು ವಿಜ್ಞಾನದ ಪಾಠವಾಗಿ ಓದಬಾರದು, ಪುರಾಣದ ಕಾಡಾಗಿ ಓದಬೇಕು.

ಗೇಮ್ ಆಡುವವರಿಗೆ ಎಲ್ಲೋ ನೋಡಿದ ಹಾಗೆ ಯಾಕನಿಸುತ್ತದೆ?

ಅಕ್ಕನ ಮಗನ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟಗಳು ಶುರುವಾದವು. ಅವುಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಹಳ ಹೆಸರು ಮಾಡಿತು. 1979ರಲ್ಲಿ ಬಂದ ಅದರ ಕೈಪಿಡಿಯ ಕೊನೆಗೆ, ಆಟಕ್ಕೆ ಸ್ಫೂರ್ತಿಯಾದ ಪುಸ್ತಕಗಳ ಪಟ್ಟಿ ಇದೆ. ಅದರಲ್ಲಿ ಹಿಯರೋನ ಪಯಣವೂ ಇದೆ. ಅದಕ್ಕೂ ಒಂದು ವರ್ಷ ಮೊದಲು ಬಂದ ಗಾಮಾ ವರ್ಲ್ಡ್ ಅನ್ನುವ ಆಟವಂತೂ ಇದೇ ಲೋಕದ್ದು: ಪಾಳು ನಗರ, ಬದಲಾದ ಪ್ರಾಣಿಗಳು, ಬಳಸುವುದು ಹೇಗಂತ ಗೊತ್ತಿಲ್ಲದ ಹಳೆಯ ಯಂತ್ರಗಳು. ಇಂಥ ಆಟಗಳನ್ನು ಆಡಿ ಬೆಳೆದ ಪೀಳಿಗೆಯವರೇ ಮುಂದೆ ಎಷ್ಟೋ ಕಂಪ್ಯೂಟರ್ ಗೇಮ್‌ಗಳನ್ನು ಕಟ್ಟಿದರು. ಅಪಾಯ ದಾಟಿದರೆ ಶಕ್ತಿ ಏರುವುದು, ದಾರಿಯಲ್ಲಿ ಜೊತೆಗಾರರು ಸೇರುವುದು, ಎಲ್ಲ ಈ ಪುಟಗಳಲ್ಲೂ ಇದೆ.

ಲೇನಿಯರ್ ಬರೀ ಲೇಖಕರಲ್ಲ, ಸಂಪಾದಕರೂ ಆಗಿದ್ದರು. ಹತ್ತಾರು ಪ್ರಕಾಶಕರು ಬೇಡ ಅಂದಿದ್ದ, ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ‘ಡ್ಯೂನ್’ ಕಾದಂಬರಿಯನ್ನು ಗುರುತಿಸಿ, ತಾವು ಕೆಲಸ ಮಾಡುತ್ತಿದ್ದ ಚಿಲ್ಟನ್ ಸಂಸ್ಥೆಯಿಂದ 1965ರಲ್ಲಿ ಅಚ್ಚಾಗುವಂತೆ ಮಾಡಿದವರು ಅವರೇ. ಆ ಸಂಸ್ಥೆ ಹೆಸರಾಗಿದ್ದು ಕಾರು ರಿಪೇರಿ ಪುಸ್ತಕಗಳಿಗೆ! ಓಲೆಗರಿ ಕಟ್ಟು ಬಿಚ್ಚಿ ನೋಡಿದ ಶಾಮಶಾಸ್ತ್ರಿಗಳ ಕಣ್ಣಿನ ಬಗ್ಗೆ ಹೇಳಿದೆನಲ್ಲ, ಅಂಥ ಕಣ್ಣು ಇವರಿಗೂ ಇತ್ತು.

ಓದುವ ಮುನ್ನ

ಪುಸ್ತಕದಲ್ಲಿ ಕೊರತೆಗಳಿವೆ. ಕೆಟ್ಟವರು ಪೂರಾ ಕೆಟ್ಟವರು, ಅವರ ಮನಸ್ಸಿನೊಳಗೆ ನಮ್ಮನ್ನು ಬಿಡುವುದೇ ಇಲ್ಲ. ಲುಚಾರೆ ಧೈರ್ಯವಂತೆ, ಆದರೆ ಲೇಖಕರು ಅವಳಿಗೆ ಕೊಟ್ಟ ಜಾಗ ಕಮ್ಮಿ. ಹಿಯರೋನಷ್ಟೇ ಅವಳೂ ದಾರಿ ಹುಡುಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕೆಲವು ಕಡೆ ಅಪಾಯದ ಹಿಂದೆ ಅಪಾಯ ಬಂದು ಸ್ವಲ್ಪ ಆಯಾಸ ಆಗುತ್ತದೆ. ಎರಡನೇ ಭಾಗ 1983ರಲ್ಲಿ ಬಂತು, ಮೊದಲನೆಯದರ ಬಿಗಿ ಅದಕ್ಕಿಲ್ಲ. ಲೇನಿಯರ್ 2007ರಲ್ಲಿ ತೀರಿಕೊಂಡರು, ಮೂರನೆಯದನ್ನು ಬರೆಯಲಿಲ್ಲ. ಹಿಯರೋನ ದಾರಿ ನಡುವೆಯೇ ನಿಂತಿದೆ.

ಇಂಗ್ಲಿಷ್ ಕಷ್ಟ ಅನಿಸಿದರೆ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ. ವಿಚಿತ್ರ ಪದಗಳು ಬಂದರೆ ನಿಘಂಟು ನೋಡಬೇಡಿ, ಬಹಳಷ್ಟು ಪದಗಳು ಅದರಲ್ಲಿ ಇರುವುದೂ ಇಲ್ಲ. ಜೋರಾಗಿ ಉಚ್ಚರಿಸಿ ನೋಡಿ, ಹಳೆಯ ಹೆಸರು ತಾನಾಗಿ ಕೇಳಿಸುತ್ತದೆ. ಕರಡಿ ಮೊದಲ ಸಲ ಮಾತಾಡುವವರೆಗೆ ಬಿಡಬೇಡಿ. ಅದು ಹೆದರಿಕೊಂಡು, ಕುತೂಹಲ ತಡೆಯಲಾರದೆ, ಹಿಯರೋನ ಮನಸ್ಸನ್ನು ಬಂದು ಮುಟ್ಟುವ ಜಾಗ ಓದಿದರೆ ಮುಂದಿನದನ್ನು ಪುಸ್ತಕವೇ ನೋಡಿಕೊಳ್ಳುತ್ತದೆ.

ಅಕ್ಕನ ಮಗ ಪುಸ್ತಕವನ್ನು ಮಂಡ್ಯಕ್ಕೆ ತೆಗೆದುಕೊಂಡು ಹೋದ. ಹತ್ತು ದಿನ ಸುದ್ದಿಯಿಲ್ಲ. ಓದಲಿಲ್ಲವೇನೋ ಅಂದುಕೊಂಡೆ. ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಮನೆಯವರೆಲ್ಲ ಮಲಗಿದ್ದರೇನೋ, ಪಿಸುಗುಡುತ್ತಿದ್ದ.

"ಮಾವ, ಕರಡಿ ಸಾಯಕಿಲ್ಲ ತಾನೆ?"

ನಾನು ಹೇಳಲಿಲ್ಲ.